ಗಾಂಧಿನಗರದ ಗದ್ದೆಯಲ್ಲಿ ಮಾವ

“ನಿಮ್ಮ ಮುಂದೆ ಹಸಿರು ಗದ್ದೆ ಇದೆ. ನೀರು ಮೆಲ್ಲಗೆ ಹರಿಯುತ್ತಿದೆ. ನಿಮಗೀಗ ಯಾವ ಚಿಂತೆಯೂ ಇಲ್ಲ” ಎಂದು ಸಮ್ಮೋಹನ ಚಿಕಿತ್ಸಕರು ನಯವಾದ ದನಿಯಲ್ಲಿ ಹೇಳುತ್ತಿದ್ದಂತೆ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ ನಮ್ಮ ಸೋದರಮಾವ ಧಡಕ್ಕನೆ ಎದ್ದು ಕೂತರು.

“ನೀರು ಯಾವಾಗ ಬಿಟ್ರು ಸಾರ್? ಮ್ಯಾಲಿನ ಹೊಲದವ್ರು ತಿರುವಿಕೊಂಡಿಲ್ಲಲ್ಲ?”

ದೇಶನೂರಿನಲ್ಲಿ ನೆಲ್ಲು ಬೆಳೆಯುವ ಮಾವನಿಗೆ ವಾರದಿಂದ ನಿದ್ದೆ ಇರಲಿಲ್ಲ. ಕಾಲುವೆಯ ಕೊನೆಯಲ್ಲಿರುವ ಅವರ ಗದ್ದೆಗೆ ನೀರು ಮುಟ್ಟಿರಲಿಲ್ಲ. ಎಲ್ಲ ಬಲ್ಲವನಂತೆ ಅವರನ್ನು ಬಳ್ಳಾರಿಯ ಗಾಂಧಿನಗರಕ್ಕೆ ಕರೆತಂದವನು ನಾನೇ. ಗದ್ದೆಯನ್ನು ಬಹುಶಃ ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಚಿಕಿತ್ಸಕರು, ಮತ್ತೆ ಕಣ್ಣು ಮುಚ್ಚಿಸಿ ಈ ಸಲ ಸಮುದ್ರವನ್ನು ವರ್ಣಿಸಿದರು.

“ಇಷ್ಟು ನೀರು ಇಟ್ಕೊಂಡು ನಮಗ ಇಲ್ಲ ಅಂತಾರ ನೋಡಲೇ” ಎಂದು ಮಾವ ನನ್ನತ್ತ ತಿರುಗಿದರು.

ಇವರ ಮನಸ್ಸು ಸಹಕರಿಸುತ್ತಿಲ್ಲ ಎಂದು ಚಿಕಿತ್ಸಕರು ತೀರ್ಪು ಕೊಟ್ಟು, ಮುಂದಿನ ವಾರ ಮತ್ತೆ ಬರಲು ಹೇಳಿದರು.

ಮರಳುವ ಬಸ್ಸಿನಲ್ಲಿ ಅತ್ತೆಯ ಫೋನ್ ಬಂತು. ಗದ್ದೆಗೆ ನೀರು ಬಂದಿತ್ತು. ಕುರುಗೋಡು ಬರುವ ಮೊದಲೇ ಮಾವ ನನ್ನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದರು. ಕಣ್ಣು ಮುಚ್ಚಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.