ಅಕ್ಕನ ಐದು ಕೊಳವೆಗಳು

ಅಕ್ಕ ನನಗೆ ಒಪ್ಪಿಸಿದ ಒಂದೇ ಒಂದು ಕೆಲಸವನ್ನು ನಾನು ಮಾಡಲಿಲ್ಲ. ಮಾಡಿದೆ ಎಂದು ಸುಳ್ಳು ಹೇಳಿದೆ.

ಅಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಲಸಿನ ಹಣ್ಣು ಕೊಡಲು ಬಂದವರನ್ನೂ ಅಡಿಯಿಂದ ಮುಡಿವರೆಗೆ ನೋಡುವಳು. "ನಮ್ಮ ಜಗಲಿಯಲ್ಲಿ ಕೂತಾಗ ಎಲ್ಲರೂ ಸಾಧುಗಳೇ ಮಾರಾಯ. ಅವರವರ ಮನೆಯೊಳಗೆ ಎಂತ ಮಾಡ್ತಾರೆ, ಅದನ್ನು ನೋಡ್ಬೇಕು" ಎನ್ನುವಳು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟೆ. ಅವಳು ಓದಿ, ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ರೋಗಾಣುಗಳನ್ನೂ ಅದೇ ಕಣ್ಣಿನಿಂದ ನೋಡತೊಡಗಿದಳು.

ಮರ್ಕಂಜದ ನಮ್ಮ ಹಟ್ಟಿಯಲ್ಲಿ ಗೌರಿ ದನಕ್ಕೆ ಕೆಚ್ಚಲು ಬಾವು ಬಂದಾಗ ಅಕ್ಕ ಐಸ್ ಪೆಟ್ಟಿಗೆ, ಐದು ಸಣ್ಣ ಕೊಳವೆ ಹಿಡಿದು ಓಡಿ ಬಂದಳು. ಕೊಳವೆಗಳ ತಳದಲ್ಲಿ ನೀರಿನಂಥ ಮದ್ದು.

"ಇದೆಂತಕ್ಕೆ ಅಕ್ಕ?"

"ಈ ರೋಗಾಣುವಿನಲ್ಲಿ ಕೇಡು ಮಾಡುವ ಜೀನ್‌ಗಳು ಉಂಟು. ದನದ ಮೈಯೊಳಗೆ ಇರುವಾಗ ಯಾವುದು ಎಷ್ಟು ಜೋರು ಕೆಲಸ ಮಾಡ್ತದೆ ಅಂತ ಅಳೆಯುದು. ಹೊರಗೆ ಬಂದದ್ದೇ ಅದು ಸಾಧು ವೇಷ ಹಾಕ್ತದೆ. ಈ ಮದ್ದು ಅದನ್ನು ಇದ್ದ ಹಾಗೇ ನಿಲ್ಲಿಸ್ತದೆ. ಮೊಲೆಯಿಂದ ನೇರ ಕೊಳವೆಗೇ ಹಿಂಡು, ತಮ್ಮ. ದಿನಕ್ಕೊಂದು."

ಗೌರಿ ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ.

ಅಕ್ಕ ಹೋದ ಮೇಲೆ ನನಗೆ ಅನುಮಾನ ಹತ್ತಿತು. ನಮ್ಮ ಹಟ್ಟಿಯಲ್ಲಿ ರೋಗ ಉಂಟೆಂದು ಕಾಗದದಲ್ಲಿ ಬಂದರೆ ಡೈರಿಯವರು ಉಳಿದ ದನಗಳ ಹಾಲನ್ನೂ ಬೇಡ ಎಂದರೆ? ರೋಗ ಬಯಲು ಮಾಡುವುದಕ್ಕೇ ಈ ಮದ್ದು ಎಂದುಕೊಂಡು ಎಲ್ಲವನ್ನೂ ಬಾಳೆ ಬುಡಕ್ಕೆ ಚೆಲ್ಲಿದೆ. ಚೊಂಬಿನಲ್ಲಿ ಕರೆದಿಟ್ಟ ಗೌರಿಯ ಹಾಲನ್ನು, ಡೈರಿಗೆ ಹೋಗಿ ಬಂದು ಚಹಾ ಕುಡಿದ ಮೇಲೆ ಕೊಳವೆಗೆ ತುಂಬುತ್ತಿದ್ದೆ. ಐದು ದಿವಸವೂ ಹಾಗೇ.

ತಿಂಗಳ ನಂತರ ಅವಳ ಫೋನ್ ಬಂತು. "ಎಂತದೂ ಸಿಗ್ಲಿಲ್ಲ ತಮ್ಮ. ಅಳೆಯುವ ಮಿಶನ್ ಸರಿ ಉಂಟು. ನನ್ನ ಕೈಯೇ ಸರಿ ಇಲ್ಲ ಕಾಣ್ತದೆ."

"ನಾನು ನೀನು ಹೇಳಿದ ಹಾಗೇ ಮಾಡಿದ್ದು."

"ಛೆ, ನಿನ್ನನ್ನು ಯಾರು ಕೇಳಿದ್ರು!" ಎಂದು ನಕ್ಕಳು.

ಲೋಕವನ್ನೆಲ್ಲ ಅನುಮಾನಿಸುವವಳು ನನ್ನನ್ನು ಅನುಮಾನಿಸಲಿಲ್ಲ. ಆ ಕೆಲಸವನ್ನೇ ಬಿಟ್ಟು ಪುತ್ತೂರಿನ ದರ್ಬೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಸೇರಿದಳು. ಅಲ್ಲಿ ಪ್ರತಿಯೊಂದು ಕೊಳವೆಯನ್ನೂ ಮೂರು ಮೂರು ಸಲ ನೋಡುತ್ತಿದ್ದಳಂತೆ. ಹೋದ ವರ್ಷ ಜ್ವರ ಬಂದು ತೀರಿಕೊಂಡಳು.

ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಕ್ರಮ. ಒಳಗೆ ಇಣುಕಬಾರದು. ಈ ಸಲ ಅಕ್ಕನಿಗೂ ಒಂದು ಎಲೆ ಇತ್ತು. ಬಡಿಸಿ ಬಂದು ಮನೆಯವರೆಲ್ಲ ಜಗಲಿಯಲ್ಲಿ ನಿಂತಿದ್ದರು. ನಾನು ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಕ್ಕ, ಮದ್ದು ಚೆಲ್ಲಿದ್ದು ನಾನು. ನಿನ್ನ ಕೈ ಸರಿಯೇ ಇತ್ತು. ತಪ್ಪಾಯ್ತು."