ಗೋಡೆಗೊರಗಿದವರನ್ನು ಎಬ್ಬಿಸುವಾಕೆ

ಬೆಳಗಿನ ಆರು ಗಂಟೆ. ಕಾಮಸಮುದ್ರದಾಚೆ, ಆಂಧ್ರದ ಗಡಿಗೆ ಹತ್ತಿರವಿರುವ ಇರುಳಿಗ ಬುಡಕಟ್ಟಿನವರ ಕಾಲೊನಿಯಲ್ಲಿ ಮುನಿನಾರಾಯಣಮ್ಮ ಗೋಡೆಯೊಂದರ ಎದುರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಗೋಡೆಯಲ್ಲೂ ಒಬ್ಬ ಮುದುಕಿ ಕೂತಿದ್ದಾಳೆ. ಸಣ್ಣ ತುರುಬು, ಬಾಗಿದ ಬೆನ್ನು, ಮಡಚಿದ ಮೊಣಕಾಲು. ಎಲ್ಲವೂ ಕಪ್ಪುಹಸಿರು ಬೂಷ್ಟು.

“ಏಳಮ್ಮೋ, ಬೆಳಕಾಯ್ತು” ಎಂದು ಆಕೆ ಗೋಡೆಗೆ ಹೇಳುತ್ತಾರೆ. ಮುಖದಲ್ಲಿ ನಗುವಿಲ್ಲ.

ಇದು ಕಾಂತರಾಜ್ ಮನೆ. ಆತನ ತಾಯಿ ತೀರಿಕೊಂಡು ಎರಡು ವರ್ಷ. ಕೊನೆಯ ದಿನಗಳಲ್ಲಿ ಆಕೆ ಒರಗಿ ಕೂರುತ್ತಿದ್ದುದು ಇದೇ ಜಾಗಕ್ಕೆ. ಈ ಮಳೆಗಾಲದಲ್ಲಿ ಮೂರು ಸಲ ಗೋಡೆ ತೊಳೆದಾಗಿದೆ. ಮೂರು ಸಲವೂ ಬೂಷ್ಟು ತುರುಬಿನಿಂದಲೇ ಶುರುವಾಗಿ, ಇಪ್ಪತ್ತು ದಿನದಲ್ಲಿ ಮೊಣಕಾಲಿಗೆ ಇಳಿದಿದೆ. ಪಕ್ಕದಲ್ಲೇ ಮಲಗುವ ಐದು ವರ್ಷದ ಮಗಳು ಸಿಂಧುವಿಗೆ ಉಸಿರು ಕಟ್ಟುತ್ತದೆ. ಕಳೆದ ತಿಂಗಳು ಎರಡು ಬಾರಿ ಅವಳನ್ನು ಬಂಗಾರಪೇಟೆಯ ಆಸ್ಪತ್ರೆಗೆ ಹೊತ್ತೊಯ್ದಿದ್ದಾರೆ. ಔಷಧಿಯೊಂದೇ ಸಾಲದು, ಮನೆ ಒಣಗಬೇಕು ಎಂದಿದ್ದಾರೆ ವೈದ್ಯರು.

“ಅಜ್ಜಿ ಮೊಮ್ಮಗಳನ್ನ ಕರೀತಾವ್ಳೆ ಅಂತಾರೆ ಜನ” ಎನ್ನುತ್ತಾರೆ ಸಿಂಧುವಿನ ತಾಯಿ ಅರ್ಚನ, ತಗ್ಗಿದ ದನಿಯಲ್ಲಿ.

“ಕರೆಯಾಕೆ ಬಾಯೆಲ್ಲೈತೆ ಅವಳ್ಗೆ? ತಲೆಗಚ್ಚಿದ ಅರಳೆಣ್ಣೆ, ಮೈ ಬೆವರು, ಎಲ್ಲಾನೂ ಗೋಡೆ ಕುಡ್ದೈತೆ. ಬೂಷ್ಟು ಅದನ್ನ ತಿಂತೈತೆ” ಎನ್ನುತ್ತಾರೆ ಮುನಿನಾರಾಯಣಮ್ಮ.

ಐವತ್ತಾರರ ಮುನಿನಾರಾಯಣಮ್ಮ ಇದೇ ಕಾಲೊನಿಯವರು. ಹರೆಯದಲ್ಲಿ ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು, ಕೆಲಸವೂ ನಿಂತಿತು. ಬೀಗ ಬಿದ್ದ ಮನೆಗಳೊಳಗೆ ಬೂಷ್ಟು ಗೋಡೆಯಿಂದ ಗೋಡೆಗೆ ಹೇಗೆ ನಡೆಯುತ್ತದೆ ಎಂಬುದನ್ನು ಆಕೆ ಕಂಡದ್ದು ಅಲ್ಲಿ. “ಸುಣ್ಣ ಬಳುದ್ರೆ ಅದು ಸಾಯಲ್ಲ. ಮುಸುಕಾಕ್ಕೊಂಡು ಮಲಗ್ತೈತೆ.”

ಈಗ ವಾರಕ್ಕೆ ಮೂರು ಬೆಳಗು ಕಾಲೊನಿಯ ಮೂವತ್ತೊಂದು ಮನೆಗಳನ್ನು ಸರದಿಯಲ್ಲಿ ನೋಡುತ್ತಾರೆ. ಬಟ್ಟೆ ಸೋಡಾ ಮನೆಯವರದು, ತೆಂಗಿನ ನಾರು ಆಕೆಯದು. ಮೊದಲು ಮಕ್ಕಳು ಹೊರಗೆ. ಮೂಗಿಗೆ ದಪ್ಪ ಬಟ್ಟೆ, ಕೈಗೆ ಪ್ಲಾಸ್ಟಿಕ್ ಚೀಲ. ಒಣ ಬೂಷ್ಟನ್ನು ಎಂದೂ ಉಜ್ಜುವುದಿಲ್ಲ. ಪುಡಿ ಎದ್ದು ಇನ್ನೊಂದು ಗೋಡೆ ಹಿಡಿಯುತ್ತದೆ. ಸೋಡಾ ನೀರಲ್ಲಿ ನೆನೆಸಿ, ಉಜ್ಜಿ, ಒರೆಸಿ, ಒಣಗಲು ಬಿಡುತ್ತಾರೆ. ಒಂದು ಗೋಡೆಗೆ ಎರಡು ಗಂಟೆ. ಎದ್ದು ಹೋಗುವ ಮುಂಚೆ ರಾಗಿ ಮೂಟೆಗಳನ್ನು ಗೋಡೆಯಿಂದ ಒಂದು ಗೇಣು ಸರಿಸುತ್ತಾರೆ.

ಆದರೂ ಹತ್ತೊಂಬತ್ತು ಮನೆಗಳಿಗೆ ಬೂಷ್ಟು ಮರಳಿ ಬರುತ್ತದೆ. ಆ ಹತ್ತೊಂಬತ್ತರಲ್ಲೂ ಕಿಟಕಿಗೆ ಇಟ್ಟಿಗೆ ಕಟ್ಟಲಾಗಿದೆ. ಗುಡಿಸಲಿನ ಕಾಲದಲ್ಲಿ, ಸಾವಾದ ಮನೆಯ ಕಿಂಡಿಗೆ ಇಲ್ಲಿನವರು ಹುಲ್ಲು ತುರುಕುತ್ತಿದ್ದರು, ಸತ್ತವರು ಮರಳಿ ಒಳಗೆ ಬಾರದಿರಲಿ ಎಂದು. ಸೂರಿಗೆ ಹೊಸ ಹುಲ್ಲು ಹೊದಿಸಿದ ದಿನ ಅದನ್ನು ಕಿತ್ತೆಸೆಯುತ್ತಿದ್ದರು. ತಾರಸಿ ಮನೆ ಬಂದ ಮೇಲೆ ಹುಲ್ಲಿನ ಜಾಗಕ್ಕೆ ಇಟ್ಟಿಗೆ ಬಂತು, ಆದರೆ ಆ ಸೂರಿಗೆ ಹೊಸ ಹುಲ್ಲು ಬೀಳುವ ದಿನವೇ ಇಲ್ಲ. ಹಾಗಾಗಿ ಮುಚ್ಚಿದ್ದು ಮುಚ್ಚಿಯೇ ಉಳಿದಿದೆ.

“ಕಿಟಕಿ ತೆಗೆದ್ರೆ ಅವ್ವ ಒಳಕ್ಕೆ ಬತ್ತಾಳೆ” ಎನ್ನುತ್ತಾರೆ ಕಾಂತರಾಜ್.

“ಒಳಗೇ ಕೂತವ್ಳೆ ಕಣ್ಲಾ. ಓಗಾಕೆ ದಾರಿ ಎಲ್ಲಿ ಬಿಟ್ಟಿದ್ದೀಯ?”

ಕಾಂತರಾಜ್ ಗೋಡೆಯತ್ತ ನೋಡುತ್ತಾರೆ.

ಇಂದು ಮುನಿನಾರಾಯಣಮ್ಮ ನಾರಿನ ಜೊತೆಗೆ ಒಂದು ಹೊರೆ ಒಣಹುಲ್ಲನ್ನೂ ತಂದಿದ್ದಾರೆ. ಏಣಿ ಹತ್ತಿ ತಾರಸಿಯ ಮೇಲೆ ಅದನ್ನು ಹರಡಿ, ಹಾರದಂತೆ ಕಲ್ಲು ಹೇರುತ್ತಾರೆ. “ಓಸ ಉಲ್ಲು ಬಿತ್ತು. ಈಗ ತೆಗಿ” ಎಂದು ಮೇಲಿನಿಂದಲೇ ಕೂಗುತ್ತಾರೆ.

ಕಾಂತರಾಜ್ ಹಾರೆ ಎತ್ತುತ್ತಾರೆ. ಮೊದಲ ಇಟ್ಟಿಗೆ ಬಿದ್ದಾಗ ಗಾಳಿ ಒಳಗೆ ಬರುವುದಿಲ್ಲ. ಒಳಗಿನದು ಹೊರಗೆ ಹೋಗುತ್ತದೆ, ತಣ್ಣಗೆ, ಹರಳೆಣ್ಣೆಯ ಕಮಟು ಹೊತ್ತು. ಅಂಗಳದಲ್ಲಿರುವ ಸಿಂಧು ಆಟ ನಿಲ್ಲಿಸುತ್ತಾಳೆ. ಅವಳ ಕಣ್ಣು ಕಿಟಕಿಯಿಂದ ಬೇಲಿಗೆ, ಬೇಲಿಯಿಂದ ಕಾಲುದಾರಿಗೆ ಮೆಲ್ಲಗೆ ಹೊರಳುತ್ತದೆ, ನಿಧಾನ ನಡೆಯುವ ಯಾರನ್ನೋ ಕಳಿಸಿಕೊಟ್ಟಂತೆ. ಕಾಲುದಾರಿಯಲ್ಲಿ ಯಾರೂ ಇಲ್ಲ.

ಹತ್ತು ಗಂಟೆಗೆ ಗೋಡೆ ತೊಳೆದು ಮುಗಿದಿದೆ. ಬಿಸಿಲು ಬಿದ್ದ ಕಡೆ ಮೊಣಕಾಲು ಒಣಗಿದೆ, ಬೆನ್ನು ಒಣಗಿದೆ. ತುರುಬಿನಷ್ಟು ತೇವ ಮಾತ್ರ ಉಳಿದಿದೆ. “ಅದ್ಕೆ ಇನ್ನೂ ಮೂರು ದಿನದ ಬಿಸಿಲು ಬೇಕು. ಅಲ್ಲೀಗಂಟ ಮಗೀನ ಈ ಕಡೆ ಮಲಗಿಸ್ಬೇಡಿ.”

ನಾರು ತೊಳೆದು ಹಿಂಡುವ ಮುನಿನಾರಾಯಣಮ್ಮನನ್ನು, ಇಷ್ಟೆಲ್ಲಾ ಮಾಡಿದ್ದಕ್ಕೆ ನಿಮಗೇನು ಬೇಕು ಎಂದು ಅರ್ಚನ ಕೇಳುತ್ತಾರೆ. ಒಡೆದ ಇಟ್ಟಿಗೆಗಳ ರಾಶಿಯತ್ತ ನೋಡಿ ಮುನಿನಾರಾಯಣಮ್ಮ ಹೇಳುತ್ತಾರೆ:

“ನಾನು ಸತ್ತಾಗ ನಮ್ಮನೆ ಕಿಟಕಿಗೆ ಇಟ್ಟಿಗೆ ಇಕ್ಬೇಡಿ. ಒಂದಿಡಿ ಉಲ್ಲು ಸಾಕು, ಆಮೇಲೆ ಅದ್ನ ಕಿತ್ತಾಕಿ. ದಾರಿ ಬಿಟ್ರೆ ನಾನೇ ಎದ್ದು ಓಯ್ತೀನಿ.”