ಕ್ರಾಯ್ಡನ್ನಿನ ಖಾನಾವಳಿಯಲ್ಲಿ ರೊಟ್ಟಿ ತೀರಿದ ದಿನ

ಇಲ್ಲಿಗೆ ಬಂದ ಮೊದಲ ವಾರ ಒಂದು ಹೋಟೆಲಿಗೆ ಒಬ್ಬಳೇ ಹೋಗಿ, ರಸ್ತೆಗೆ ಮುಖ ಮಾಡಿದ ಗಾಜಿನ ಕಿಟಕಿಯ ಪಕ್ಕ ಕೂತು ಉಂಡೆ. ಒಳಗಿದ್ದವರೂ ನೋಡಲಿಲ್ಲ, ಹೊರಗೆ ನಡೆದು ಹೋಗುವವರೂ ನೋಡಲಿಲ್ಲ. ಏನೋ ತಪ್ಪು ಮಾಡುತ್ತಿದ್ದೇನೆ, ಈಗ ಯಾರಾದರೂ ಬಂದು ಎಬ್ಬಿಸುತ್ತಾರೆ ಅನಿಸಿತು. ನಾನು ಹುಟ್ಟಿ ಬೆಳೆದ ಅಫಜಲಪುರದಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ಹೆಂಗಸರ ಜಾಗ ಎಂದರೆ ಪರದೆ ಹಿಂದಿನ ಫ್ಯಾಮಿಲಿ ರೂಮು. ಅದೂ ಅಪ್ಪನೋ ಅಣ್ಣನೋ ಜೊತೆಗಿದ್ದರೆ ಮಾತ್ರ. ಯಾರೂ ಎಬ್ಬಿಸಲಿಲ್ಲ. ತಟ್ಟೆ ಒಯ್ಯಲು ಬಂದ ಮುದುಕಿ ‘ಎಲ್ಲ ಸರಿ ಇತ್ತಾ, ಲವ್?’ ಎಂದಳು. ಇಲ್ಲಿ ‘ಲವ್’ ಅಂದರೆ ನಮ್ಮ ‘ತಂಗೀ’ ಎಂದ ಹಾಗೆ. ಆ ಒಂದು ಮಾತಿಗೆ ಈ ಊರನ್ನು ಪ್ರೀತಿಸಿಬಿಟ್ಟೆ.

ಲಂಡನ್ನಿನ ದಕ್ಷಿಣ ಅಂಚಿನಲ್ಲಿರುವ ಈ ಕ್ರಾಯ್ಡನ್, ಹೆಸರಿಗಷ್ಟೇ ಉಪನಗರ. ಅದಕ್ಕೆ ತನ್ನದೇ ಪೇಟೆಯಿದೆ, ಗಂಟೆ ಬಾರಿಸುತ್ತ ರಸ್ತೆಯಲ್ಲೇ ಓಡುವ ಟ್ರ್ಯಾಮ್ ಇದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಕೆಲಸ ಮುಗಿಸಿ ಲಂಡನ್ ರೋಡಿನಲ್ಲಿ ನಡೆದರೆ ಜಮೈಕಾದವರ ಸುಟ್ಟ ಕೋಳಿಯ ಹೊಗೆ, ಅದರ ಪಕ್ಕ ಆಫ್ಘನ್ನರ ತಂದೂರು, ಮುಂದೆ ಶ್ರೀಲಂಕಾ ತಮಿಳರ ಕೊತ್ತು ಪರೋಟದ ಟಕಟಕ ಸದ್ದು. ಊರಿಂದ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ‘ಊಟಕ್ಕ ಏನ್ ಮಾಡ್ತಿ?’ ಎಂದು. ಈ ಬರಹ ಅವರಿಗೆ ನನ್ನ ಉತ್ತರ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸಿಟ್ಟು ಇಳಿಯಲಿ ಎಂದು ಕಾಯುವ ಮನಸ್ಸಿಲ್ಲ.

ನಾನಿರುವ ಮನೆಯಲ್ಲಿ ಒಂದೊಂದು ಕೋಣೆಗೆ ಒಬ್ಬೊಬ್ಬರು, ಎಲ್ಲರಿಗೂ ಒಂದೇ ಅಡುಗೆಮನೆ. ಜೋಳದ ಹಿಟ್ಟು ಸಿಕ್ಕಿತೆಂದು ಒಂದು ಭಾನುವಾರ ರೊಟ್ಟಿ ಬಡಿದೆ. ಹಂಚು ಕಾದು ಹಿಟ್ಟು ಸೀದದ್ದೇ ತಡ, ಬೆಂಕಿ ಬಿದ್ದಿದೆ ಎಂದು ಎಚ್ಚರಿಸುವ ಛಾವಣಿಯ ಹೊಗೆ ಗಂಟೆ ಬಡಿದುಕೊಳ್ಳಲು ಶುರುಮಾಡಿತು. ಒಬ್ಬ ಟವೆಲ್ ಸುತ್ತಿಕೊಂಡೇ ಬೀದಿಗೆ ಓಡಿದ. ಅಂದಿನಿಂದ ರೊಟ್ಟಿ ಬಂದ್.

ಹೀಗಾಗಿ ಹೊರಗೆ ಉಣ್ಣುವುದೇ ಹೆಚ್ಚು. ಜೊತೆಗೆ ಕೆಲಸ ಮಾಡುವ ಅಡ್ವೋವಾ ನನ್ನನ್ನು ಅಲ್ಲಿ ಇಲ್ಲಿ ಕರೆದೊಯ್ದಳು. ಅವಳ ತಂದೆತಾಯಿ ಘಾನಾದವರು, ಅವಳು ಇಲ್ಲೇ ಹುಟ್ಟಿದವಳು. ಘಾನಾದವರ ಹೋಟೆಲಿನಲ್ಲಿ ಬಾಂಕು ಎಂಬ ಮೆಕ್ಕೆಜೋಳದ ಮುದ್ದೆ ತಿನ್ನಿಸಿದಳು. ನಮ್ಮ ಜೋಳದ ಸಂಗಟಿ ಹುಳಿ ಬಂದಂತೆ ಇತ್ತು. ಬೆಂಡೆಕಾಯಿ ಸಾರಿನಲ್ಲಿ ಅದ್ದಿ ಕೈಯಿಂದಲೇ ನುಂಗಿದೆ. ಆಫ್ಘನ್ ಹೋಟೆಲಿನಲ್ಲಿ ಮಾತ್ರ ಪೇಚಾಯಿತು. ಇನ್ನಷ್ಟು ಅನ್ನ ಬಡಿಸಲು ಬಂದವನಿಗೆ ಮನೆಯ ರೂಢಿಯಲ್ಲಿ ‘ನಕ್ಕೋ’, ಅಂದರೆ ಬೇಡ, ಎಂದೆ. ಪಕ್ಕದ ಟೇಬಲಿನಲ್ಲಿದ್ದ ಲಾಹೋರಿನ ಮನುಷ್ಯ ಬಿದ್ದು ಬಿದ್ದು ನಕ್ಕ. ‘ಇದು ಯಾವ ಸೀಮೆಯ ಉರ್ದು?’ ಎಂದ. ನಮ್ಮ ಅಮ್ಮ ನನಗೆ ಜೋಗುಳ ಹಾಡಿದ ಉರ್ದು ಎಂದು ಹೇಳಬೇಕೆನಿಸಿತು. ಹೇಳದೆ ಬಂದೆ.

ಆಮೇಲೆ ಅದೇ ರಸ್ತೆಯಲ್ಲಿ ಹೊಸ ಬೋರ್ಡು ಬಂತು. ಕನ್ನಡ ಅಕ್ಷರ! ‘ಉತ್ತರ ಕರ್ನಾಟಕದ ಖಾನಾವಳಿ, ಜೋಳದ ರೊಟ್ಟಿ ಊಟ.’ ಚಳಿಯಲ್ಲಿ ನಿಂತು ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಬೋರ್ಡಿನ ನಂಬರಿಗೆ ಫೋನ್ ಮಾಡಿದೆ.

“ಯಾವೂರ್ರಿ ನಿಮ್ದು?” ಎಂದು ಮಾಲೀಕ ಕೇಳಿದ.

“ಅಫಜಲಪುರರಿ.”

“ಅಯ್ಯ! ಹಂಗಾದ್ರ ನಮ್ಮ ಮಂದೀನೇ ಬಿಡ್ರಿ. ನಮ್ದು ಜೇವರ್ಗಿ. ಶನಿವಾರ ಬರ್ರಿ, ಬಿಸಿ ರೊಟ್ಟಿ ಹಾಕಿಸ್ತೇನಿ. ಪುಂಡಿಪಲ್ಯಾನೂ ಮಾಡಾಕತ್ತೇವಿ.”

ಹೆಸರು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. “ಅಫಜಲಪುರದವರು ಅಂತ ಬರ್ಕೋರಿ” ಎಂದೆ. ಇಬ್ಬರೂ ನಕ್ಕೆವು.

ಶನಿವಾರ ಅಡ್ವೋವಾ ಮಧ್ಯಾಹ್ನ ಏನೂ ತಿನ್ನದೆ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಳು. ಒಳಗೆ ಹೋಗಿ, ನಗುತ್ತಲೇ, “ಫೋನ್ ಮಾಡಿದ್ನೆಲ್ರಿ, ಅಫಜಲಪುರದಾಕಿ” ಎಂದೆ. ಮಾಲೀಕ ನನ್ನ ತಲೆಯ ಮೇಲಿನ ಸ್ಕಾರ್ಫ್ ನೋಡಿದ. ಅವನ ನಗು ಅಲ್ಲೇ ನಿಂತಿತು. ಕಕ್ಕಸಿನ ಬಾಗಿಲ ಪಕ್ಕದ ಟೇಬಲ್ ತೋರಿಸಿ, ಇಂಗ್ಲಿಷಿನಲ್ಲಿ, ಅಲ್ಲಿ ಕೂಡಿ ಎಂದ. ನಾನು ಕನ್ನಡದಲ್ಲಿ ರೊಟ್ಟಿ ಊಟ ಹೇಳಿದೆ. ರೊಟ್ಟಿ ತೀರಿವೆ, ನಾನ್ ಇದೆ ಎಂದು ಮತ್ತೆ ಇಂಗ್ಲಿಷಿನಲ್ಲಿ ಅಂದ.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಮ್ಮ ಕಡೆಯವರಿಗೆ ಆ ಸದ್ದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಹಬೆಯಾಡುವ ರೊಟ್ಟಿಗಳು ಎದುರಿನ ಟೇಬಲಿಗೆ ಹೋದವು. ಅಲ್ಲಿದ್ದವಳು ಶೈಲಜಾ. ಇಲ್ಲಿನ ಕನ್ನಡಿಗರ ಫೋನ್ ಗುಂಪನ್ನು ನಡೆಸುವವಳು, ಮೈಸೂರಿನವಳು. ನನ್ನನ್ನು ಕಂಡಾಗಲೆಲ್ಲ ‘ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!’ ಎಂದು ಬೆರಗಾಗುವವಳು. ನಾನು ಅವಳ ಕನ್ನಡವನ್ನು ಯಾವತ್ತೂ ಹೊಗಳಿಲ್ಲ.

“ಆ ರೊಟ್ಟಿ ಎಲ್ಲಿಂದ ಬಂದ್ವುರಿ?” ಎಂದು ದನಿ ಎತ್ತಿದೆ.

ಅವರು ಮೊದಲೇ ಹೇಳಿದ್ದರು ಎಂದ, ಇಂಗ್ಲಿಷಿನಲ್ಲೇ.

“ನಾನೂ ಹೇಳೇನಿ. ಹಾಕಿಸ್ತೇನಿ ಅಂದವ್ರು ನೀವೇ. ಕನ್ನಡದಾಗ ಮಾತಾಡ್ರಿ, ತಿಳೀತದ ನನಗ.”

ಅವನು ಹತ್ತಿರ ಬಂದು, ದನಿ ತಗ್ಗಿಸಿ, ಕೊನೆಗೂ ಕನ್ನಡದಲ್ಲಿ, “ಫೋನ್‌ನಾಗ ಹೆಸರು ಹೇಳಬೇಕಿತ್ತಲ್ರಿ ನೀವು” ಎಂದ.

“ಹೇಳಿದ್ರ ಏನ್ ಮಾಡ್ತಿದ್ರಿ?”

ಅವನು ಪಕ್ಕದ ಟೇಬಲ್ ಒರೆಸತೊಡಗಿದ. ಶೈಲಜಾ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದಳು. ಏನಾಯಿತೆಂದು ಅಡ್ವೋವಾ ಕೇಳಿದಳು. ರೊಟ್ಟಿ ತೀರಿವೆಯಂತೆ ಎಂದೆ. ಅವಳು ಎದುರಿನ ಟೇಬಲ್ ನೋಡಿದಳು, ಅವನನ್ನು ನೋಡಿದಳು. “ನಾವು ಬಂದ ಮೇಲೆ ತೀರಿದವಾ?” ಎಂದಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. “ಎದ್ದು ಹೋಗೋಣ” ಎಂದಳು.

ಎದ್ದರೆ ಅವನಿಗೆ ಅನುಕೂಲ. “ರೊಟ್ಟಿ ಬರೂತನ ನಾ ಏಳಂಗಿಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೂತೆ. ಬಾಗಿಲಲ್ಲಿ ಜನ ಟೇಬಲಿಗೆ ಕಾಯುತ್ತಿದ್ದರು. ಕೊನೆಗೆ ರೊಟ್ಟಿ ಬಂದವು. ಹುಳಿಸೊಪ್ಪಿನ ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಕೆಟ್ಟದಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ತೆಳ್ಳಗೆ, ಮೆತ್ತಗೆ, ಹೊಟ್ಟೆ ಊದಿಕೊಂಡ ರೊಟ್ಟಿ, ಮನೆಯದೇ ರುಚಿ. ಕಣ್ಣು ಒರೆಸಿಕೊಂಡೆ. ಖಾರಕ್ಕೆ ಎಂದು ಅಡ್ವೋವಾಳಿಗೆ ಸುಳ್ಳು ಹೇಳಿದೆ.

ಮರುದಿನ ಶೈಲಜಾ ಫೋನ್ ಮಾಡಿದಳು. “ಅವರು ಒಳ್ಳೆಯವರೇ, ಏನೋ ಕನ್‌ಫ್ಯೂಷನ್ ಆಗಿರಬೇಕು. ಊಟದ ವಿಷಯದಲ್ಲಿ ಧರ್ಮ ಯಾಕೆ ತರೋದು ನಸೀಮಾ? ನಿಮಗಂತೂ ಇಲ್ಲಿ ಬೇಕಾದಷ್ಟು ಹೋಟೆಲ್ ಇದೆಯಲ್ಲ. ಟರ್ಕಿ, ಆಫ್ಘನ್...”

“ತಂದವಳು ನಾನಲ್ಲ. ಆ ಹೋಟೆಲುಗಳಲ್ಲಿ ಪುಂಡಿಪಲ್ಯ ಸಿಗುತ್ತದಾ?” ಎಂದೆ.

ಅವಳು ನಕ್ಕಳು, ನಾನು ತಮಾಷೆ ಮಾಡಿದೆ ಎಂಬಂತೆ. ರಾಜ್ಯೋತ್ಸವದ ಊಟವನ್ನು ಅದೇ ಖಾನಾವಳಿಯಲ್ಲಿ ಗೊತ್ತುಮಾಡಿದ್ದರು. ನಡೆದದ್ದನ್ನೆಲ್ಲ ಗುಂಪಿನಲ್ಲಿ ಬರೆದು, ಜಾಗ ಬದಲಿಸಿ ಎಂದು ಕೇಳಿದೆ. ಗುಂಪಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಕೆಲವರು ಮಾತ್ರ ಬೇರೆಯಾಗಿ, ಗುಟ್ಟಾಗಿ, ‘ಪಾಪ, ಬೇಜಾರಾಯ್ತು’ ಎಂದು ಬರೆದರು. ಎಲ್ಲರೆದುರು ಹೇಳಲಾಗದ ಆ ಪಾಪ ನನಗೆ ಬೇಕಿರಲಿಲ್ಲ. ಊಟ ಅಲ್ಲೇ ನಡೆಯಿತು. ನಾನು ಗುಂಪು ಬಿಟ್ಟೆ.

ಊರಲ್ಲಿ ಇಂಥದ್ದು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನಾನು ಎತ್ತಿ ಕುಡಿಯಬೇಕಾದ ಬೇರೆ ಲೋಟ ಯಾವುದೆಂದು ಕಣ್ಣಲ್ಲೇ ತೋರಿಸಿದ ಮನೆಗಳು ನನಗೆ ಗೊತ್ತು. ಆದರೆ ಆ ಮನೆಗಳವರೂ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಸಾವಿರಾರು ಮೈಲಿ ಹಾರಿ ಬಂದು ಈ ಮಾಲೀಕ ನನ್ನಿಂದ ಆ ಕನ್ನಡವನ್ನೂ ಕಸಿಯಲು ನೋಡಿದ.

ಹೋದ ವಾರ ಟ್ರ್ಯಾಮ್ ನಿಲ್ದಾಣದಲ್ಲಿ ನಮ್ಮ ಕಡೆಯ ನರೋಣಾ ಊರಿನ ಗೆಳತಿಯೊಡನೆ ಫೋನಿನಲ್ಲಿ ಹರಟುತ್ತಿದ್ದೆ. ಮಾತು ಮುಗಿದದ್ದೇ, ದಪ್ಪ ಕೋಟು ಹಾಕಿದ್ದ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದಳು.

“ಅಕ್ಕಾ, ನಮ್ಮ ಕಡಿಯವರೇನ್ರಿ? ನಾ ಆಳಂದದಾಕಿ. ಇಲ್ಲಿ ರೊಟ್ಟಿ ಊಟ ಎಲ್ಲ್ಯಾರ ಸಿಗ್ತದೇನ್ರಿ?”

ಅವಳ ಕೋಟಿನ ಟೊಪ್ಪಿಗೆ ಕಿವಿ ಮುಚ್ಚಿತ್ತು. ಯಾರ ಮಗಳೆಂದು ಹೇಳುವ ಗುರುತು ಒಂದೂ ಇರಲಿಲ್ಲ. ‘ನಿನ್ನ ಹೆಸರೇನವ್ವಾ?’ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮಾಲೀಕನ ಹಾಗೆ ನಾನೂ ಹೆಸರು ತಿಳಿದ ಮೇಲೆ ಜಾಗ ಹೇಳುವವಳಾಗಿದ್ದೆ! ಆ ಮನುಷ್ಯನ ಮೇಲೆ ಅಂದಿಗಿಂತ ಹೆಚ್ಚು ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ.

“ಸಿಗ್ತದ. ಶನಿವಾರ ಹೋಗೋಣು, ನಾನೂ ಬರ್ತೇನಿ” ಎಂದು ಅವಳೆದುರೇ ಆ ಖಾನಾವಳಿಗೆ ಫೋನ್ ಹಚ್ಚಿದೆ. “ಇಬ್ಬರಿಗೆ ಟೇಬಲ್ ಬೇಕ್ರಿ. ರೊಟ್ಟಿ ಊಟ. ಹೆಸರು ನಸೀಮಾ, ಅಫಜಲಪುರ. ಬರ್ಕೋರಿ.”

ಟ್ರ್ಯಾಮ್ ಬಂತು, ಹೋಯಿತು. ನಾನು ಫೋನ್ ಇಡಲಿಲ್ಲ.

“ಎಷ್ಟ್ ಗಂಟೆಕ್ಕ ಬರ್ತೀರಿ?” ಎಂದ ಮಾಲೀಕ ಕೊನೆಗೆ. ಕನ್ನಡದಲ್ಲೇ.

ಗೆದ್ದೆ ಅನಿಸಲಿಲ್ಲ. ನಗುತ್ತ ಕುರ್ಚಿ ಎಳೆದು ಕೂರಿಸುವ ಹೋಟೆಲುಗಳಿಗೆ ಈ ಊರಿನಲ್ಲಿ ಬರವಿಲ್ಲ; ಅಲ್ಲಿ ಯಾರಿಗೂ ಪುಂಡಿಪಲ್ಯ ಗೊತ್ತಿಲ್ಲ. ಅದು ಗೊತ್ತಿರುವ ಒಂದೇ ಜಾಗಕ್ಕೆ ನಾನು ಹಲ್ಲು ಕಚ್ಚಿಕೊಂಡು ಹೋಗಬೇಕು.

“ಯಾಕಕ್ಕಾ, ಸಿಟ್ಟಾಗೀರೇನ್ರಿ?” ಎಂದಳು ಹುಡುಗಿ.

“ಹೌದವ್ವಾ” ಎಂದೆ. “ಹಸಿವೂ ಆಗ್ಯಾದ.”